ತವರಿಂದ ಬಂದ ತಲೊ

ಎಲೆಯ ಮೇಲೆ ನಾಲ್ಕು ಚುಕ್ಕೆ ಬಿದ್ದರೆ ಯಾರಾದರೂ ಎದೆ ಬಡಿದುಕೊಳ್ಳುತ್ತಾರೆಯೇ? ಇಯೋಪು ಬಡಿದುಕೊಳ್ಳಲಿಲ್ಲ. ಮಳೆ ಹಿಡಿದರೆ ಎಲೆ ಕೊಳೆಯುತ್ತದೆ, ಬಿಸಿಲು ಬಂದರೆ ಹೊಸ ಎಲೆ ಚಿಗುರುತ್ತದೆ, ಅಪ್ಪನ ಕಾಲದಿಂದಲೂ ಇದೇ ಕಥೆ ಎಂದುಕೊಂಡು ಗುದ್ದಲಿ ಹೆಗಲಿಗೇರಿಸಿ ಮನೆಗೆ ಬಂದುಬಿಟ್ಟ.

ಅವನ ತೋಟ ಇದ್ದದ್ದು ಸಮೋವಾ ದೇಶದ ಉಪೊಲು ದ್ವೀಪದಲ್ಲಿ. ತೋಟದ ತುಂಬ ತಲೊ. ತಲೊ ಎಂದರೆ ಬೇರೇನಲ್ಲ, ನಮ್ಮ ಕೆಸು. ನಮ್ಮಲ್ಲಿ ಕೆಸು ಎಂದರೆ ಎಂದೋ ಒಂದು ದಿನದ ಪತ್ರೊಡೆ, ಇಲ್ಲವೇ ಗೆಡ್ಡೆಯ ಹುಳಿ. ಅಲ್ಲಿ ಅದೇ ಅನ್ನ. ಗೆಡ್ಡೆ ಹೆರೆದು, ಎಲೆಯಲ್ಲಿ ತೆಂಗಿನ ಹಾಲು ತುಂಬಿ ಮಡಿಸಿ, ಕಾದ ಕಲ್ಲುಗಳ ಒಲೆಯಲ್ಲಿ ಮುಚ್ಚಿಟ್ಟು ತೆಗೆದರೆ ಭಾನುವಾರದ ಊಟ. ಮೀನು, ಕೋಳಿ, ಹಂದಿ ಏನೇ ತಿಂದಿರಲಿ, ತಲೊ ಇಲ್ಲದಿದ್ದರೆ ಅಲ್ಲಿಯವರು ಇನ್ನೂ ಊಟ ಆಗಿಲ್ಲ ಎನ್ನುತ್ತಾರೆ.

ಆ ಸಂಜೆ ಇಯೋಪುವಿನ ಹೆಂಡತಿ ಲುಪೆಯ ಜೊತೆ ರೂಟಾ ಬಂದಿದ್ದಳು. ಇಬ್ಬರೂ ಚರ್ಚಿನಲ್ಲಿ ಒಟ್ಟಿಗೆ ಹಾಡುವವರು. ರೂಟಾ ಕೃಷಿ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದಳು. ಅಂಗಳಕ್ಕೆ ಬರುವ ಮೊದಲೇ ತೋಟಕ್ಕೆ ನುಗ್ಗಿ ಒಂದು ಎಲೆ ಕಿತ್ತುಕೊಂಡೇ ಬಂದಳು.

"ಇಯೋಪು ಅಣ್ಣ, ಈ ಎಲೆ ಯಾವಾಗಿಂದ ಹೀಗಿದೆ?"

"ಮಳೆ ಶುರುವಾದಾಗಿಂದ. ಯಾಕೆ?"

"ಬೆಳಗ್ಗೆ ಇಬ್ಬನಿ ಆರೋ ಮುಂಚೆ ನೋಡಿದ್ದೀರಾ? ಚುಕ್ಕೆ ಸುತ್ತ ಬಿಳೀ ಬೂಷ್ಟು ಕಾಣ್ಸುತ್ತೆ."

"ಬೆಳಗ್ಗೆ ನಾನು ಎಲೆ ಮುಖ ನೋಡ್ಕೊಂಡು ಏಳಲ್ಲ ತಾಯಿ, ಹೆಂಡತಿ ಮುಖ ನೋಡ್ಕೊಂಡು ಏಳ್ತೀನಿ."

"ಅದಕ್ಕೇ ದಿನಾ ಕೆಡ್ತಿರೋದು ಅಂತಾನೂ ಹೇಳಿಬಿಡಿ," ಎಂದಳು ಲುಪೆ, ಚಾಪೆ ಹಾಸುತ್ತ.

ರೂಟಾ ನಗಲಿಲ್ಲ. ಎಲೆಯನ್ನು ಬೆಳಕಿಗೆ ಹಿಡಿದಳು. ಕಂದು ಚುಕ್ಕೆ, ಅದರ ಸುತ್ತ ಇನ್ನೊಂದು ಬಳೆ, ಅದರ ಅಂಚಿನಲ್ಲಿ ಕೆಂಪಗೆ ಅಂಟಿನ ಹನಿ. "ಇದು ಕೊಳೆಯಲ್ಲ ಅಣ್ಣ, ಅಂಗಮಾರಿ. ದ್ವೀಪದ ಆ ತುದೀಲಿ ತೋಟ ತೋಟನೇ ಮಲಗಿದೆ. ಮಳೆ ಹನಿ ಸಿಡಿದ್ರೆ ಸಾಕು, ಒಂದೆಲೆಯಿಂದ ಇನ್ನೊಂದೆಲೆಗೆ ಹಾರುತ್ತೆ. ಚುಕ್ಕೆ ಬಿದ್ದಿರೋ ಎಲೆನೆಲ್ಲ ಕತ್ತರಿಸಿ ಸುಟ್ಟುಬಿಡಿ. ಮತ್ತೆ, ಈ ತೋಟದಿಂದ ನೆಡೋ ಕಂದು ಯಾರಿಗೂ ಕೊಡಬೇಡಿ."

ಇಯೋಪುವಿಗೆ ಚುರುಕ್ ಎಂದಿತು. ಕೊಡಬೇಡಿ ಎಂದರೆ? ಪಕ್ಕದ ಸವಾಯಿ ದ್ವೀಪಕ್ಕೆ ಮದುವೆಯಾಗಿ ಹೋದ ತಂಗಿ ಪೆನಿನಾ ಕಂದು ಬೇಕೆಂದು ಹೇಳಿ ಕಳಿಸಿದ್ದಳು. ಗಂಡ ಫಿಲಿಪೋ ಹೊಸದಾಗಿ ಕಾಡು ಕಡಿದು ನೆಲ ಹದ ಮಾಡಿದ್ದ. ತವರಿನ ತೋಟದ ತಲೊವನ್ನೇ ನೆಡಬೇಕೆಂದು ಅವಳ ಆಸೆ.

"ನಿನ್ನ ಮಾತು ಅರೆಬೆಂದ ತಲೊ ಇದ್ದ ಹಾಗಿದೆ ರೂಟಾ," ಎಂದ. "ಹೊಟ್ಟೆಗೂ ಇಳಿಯಲ್ಲ, ಗಂಟಲೂ ಕೆರೆಯುತ್ತೆ. ತಂಗಿ ಕೇಳಿದ್ದಕ್ಕೆ ಇಲ್ಲ ಅನ್ನೋ ಅಣ್ಣ ಈ ನೆಲದ ಮೇಲೆ ಇದ್ದಾನಾ?"

"ಕೊಡಬೇಡಿ ಅಂದಿಲ್ಲ. ಇದನ್ನ ಕೊಡಬೇಡಿ ಅಂದೆ. ಅವಳಿರೋ ದ್ವೀಪದಲ್ಲಿ ರೋಗ ಇನ್ನೂ ಕಾಣಿಸಿಲ್ಲ."

"ಒಳ್ಳೇದು ಆರಿಸಿ ಕೊಡ್ತೀನಿ ಬಿಡು."

"ಒಳ್ಳೇದು ಕೆಟ್ಟದ್ದು ಕಣ್ಣಿಗೆ ಕಾಣಲ್ಲ ಅಣ್ಣ. ಒಳಗೇ ಕೂತಿರುತ್ತೆ."

ತಂಗಿ ಅಣ್ಣನ ಕಣ್ಣ ಪಾಪೆ ಎಂಬುದು ಸಮೋವಾದವರ ಮಾತು. ಅಣ್ಣ ತಂಗಿಗೆ ಋಣಿ. ಅವಳು ಬಾಯಿ ಬಿಟ್ಟು ಕೇಳುವ ಮೊದಲೇ ಒಯ್ದು ಕೊಡಬೇಕು. ಇಯೋಪು ಅದನ್ನು ಮಾಡಿದ. ಗೆಡ್ಡೆ ಕಿತ್ತು, ದಂಟಿನ ಬುಡ ಕತ್ತರಿಸಿ, ನೆಡುವ ಕಂದುಗಳನ್ನು ಒಂದೊಂದಾಗಿ ಒರೆಸಿ ಜೋಡಿಸಿದ. ಸಾಮಾನ್ಯವಾಗಿ ಎಲೆಯನ್ನೆಲ್ಲ ಸವರಿ ಬಿಡುತ್ತಾರೆ. ಇವನು ಎಷ್ಟು ಚೆನ್ನಾಗಿದೆ ಎಂದು ತಂಗಿಗೆ ಕಾಣಲಿ ಎಂದು ಸುಳಿಯ ಎಳೆಯೆಲೆಗಳನ್ನು ಹಾಗೇ ಉಳಿಸಿದ. ತೆಂಗಿನ ಗರಿಯ ಬುಟ್ಟಿಗಳಲ್ಲಿ ತುಂಬಿಕೊಂಡು ಹಡಗು ಹತ್ತಿ, ತಂಗಿಯ ಕೈಗೆ ಕೊಟ್ಟು, ಅವಳು ಆ ಎಳೆಯೆಲೆಯನ್ನು ಕೆನ್ನೆಗೆ ಒತ್ತಿಕೊಂಡದ್ದನ್ನು ಕಣ್ಣಾರೆ ನೋಡಿ ಬಂದ. ಅಂಥ ಸಂತೋಷ ಅವನಿಗೆ ಮತ್ತೆ ಬಹುಕಾಲ ಸಿಗಲಿಲ್ಲ.

ವಾಪಸು ಬಂದ ಕೆಲವೇ ವಾರಗಳಲ್ಲಿ ಅವನ ಸ್ವಂತ ತೋಟವೂ ಮಲಗಿತು. ಚುಕ್ಕೆಗಳು ಒಂದಕ್ಕೊಂದು ಕೂಡಿ ಇಡೀ ಎಲೆ ಕರಕಲಾಗಿತ್ತು. ದಂಟುಗಳು ಬಾಗಿ ಮಣ್ಣಿಗೆ ಬಿದ್ದಿದ್ದವು. ಕೊಳೆತ ವಾಸನೆ ಮನೆಯ ಒಳಗೂ ಬರುತ್ತಿತ್ತು. ಗೆಡ್ಡೆ ಕಿತ್ತರೆ ಮುಷ್ಟಿಯಲ್ಲಿ ಮುಚ್ಚುವಷ್ಟು ಸಣ್ಣದು, ಒಳಗೆಲ್ಲ ನೀರು ನೀರು. ಲುಪೆ ಅಂಗಳದಲ್ಲಿ ಕೂತುಬಿಟ್ಟಳು. ಅಕ್ಕಪಕ್ಕದವರು ಬಂದು ನೋಡಿದರು. ಎಲ್ಲರ ತೋಟವೂ ಅದೇ ಸ್ಥಿತಿಯಲ್ಲಿತ್ತು. ಊರಿಗೆ ಊರೇ ಒಂದೇ ತಳಿ ನೆಟ್ಟಿತ್ತು. ಒಂದು ಸತ್ತರೆ ಎಲ್ಲ ಸತ್ತ ಹಾಗೆ.

ಆಗಲೂ ತಂಗಿಗೆ ತಾನು ಕೊಟ್ಟದ್ದೇನು ಎಂದು ಇಯೋಪುವಿಗೆ ಹೊಳೆಯಲಿಲ್ಲ. ಹೊಳೆದದ್ದು ರೇಡಿಯೋ ಕೇಳಿದಾಗ. ಅಲ್ಲಿ ದೂರದವರಿಗೆ ಸುದ್ದಿ ಮುಟ್ಟಿಸಬೇಕಾದರೆ ರೇಡಿಯೋದಲ್ಲಿ ಓದಿಸುತ್ತಾರೆ, ಇಡೀ ದೇಶವೇ ಕೇಳುತ್ತದೆ. ಊಟಕ್ಕೆ ಕೂತಿದ್ದಾಗ ಅವನ ಹೆಸರು ಬಂತು.

"ಸವಾಯಿಯಿಂದ ಪೆನಿನಾ, ಅಣ್ಣ ಇಯೋಪುವಿಗೆ. ಬೇಗ ಬರಬೇಕು. ಮನೆಯಲ್ಲಿ ಎಲ್ಲರೂ ಕ್ಷೇಮ."

"ಕ್ಷೇಮ ಇದ್ದರೆ ಬೇಗ ಯಾಕೆ ಬರಬೇಕು?" ಎಂದಳು ಲುಪೆ. ಹೇಳಿದವಳೇ ಗಂಡನ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಇಯೋಪು ಊಟ ಬಿಟ್ಟೆದ್ದು ಸವಾಯಿಗೆ ಹೊರಟ.

ಪೆನಿನಾ ಹಡಗುಕಟ್ಟೆಗೆ ಬಂದಿರಲಿಲ್ಲ. ಯಾವತ್ತೂ ಬರುವವಳು. ಮನೆಗೆ ಹೋದರೆ ಅವಳು ತೋಟದ ಕಡೆ ಮುಂದೆ ನಡೆದಳು, ಇವನು ಹಿಂದೆ. ಅವಳ ಹೊಸ ತೋಟದಲ್ಲಿ ನಿಂತದ್ದು ಒಂದೂ ಇರಲಿಲ್ಲ. ಅವಳು ಅಲ್ಲಿಯೂ ನಿಲ್ಲಲಿಲ್ಲ. ಬೇಲಿ ದಾಟಿ ಫಿಲಿಪೋನ ಅಣ್ಣಂದಿರ ತೋಟ ತೋರಿಸಿದಳು. ಅದರಾಚೆ ಅವನ ದೊಡ್ಡಪ್ಪನ ತೋಟ. ಅದರಾಚೆ ಪಾದ್ರಿಗಳದ್ದು. ಕಪ್ಪು, ಕಪ್ಪು, ಎಲ್ಲ ಕಪ್ಪು. ಆ ಊರಿನಲ್ಲಿ ಹೊಸ ಚರ್ಚಿನ ಬಾಗಿಲು ತೆರೆಯುವುದಿತ್ತು. ದ್ವೀಪದ ಎಲ್ಲ ಕಡೆಯಿಂದ ನೆಂಟರು ಬರುವವರಿದ್ದರು. ಅವರಿಗೆಂದೇ ಇಡೀ ಊರು ತಲೊ ಬೆಳೆಸಿ ಕಾದಿತ್ತು.

"ಮೊದಲು ನಮ್ಮ ತೋಟದಲ್ಲಿ ಬಂತು ಅಣ್ಣ," ಎಂದಳು ಪೆನಿನಾ. "ನೀನು ಕೊಟ್ಟ ಕಂದಿನಲ್ಲಿ. ಆ ಎಳೆಯೆಲೆಯಲ್ಲಿ."

ಇಯೋಪು ಕೆಳಗೆ ಬಿದ್ದಿದ್ದ ಕರಕಲು ಎಲೆಯೊಂದನ್ನು ಎತ್ತಿಕೊಂಡ. "ಊರವರಿಗೆ ಏನಂದೆ?"

"ಗಾಳೀಲಿ ಬಂತು ಅಂದೆ." ಅವಳು ತಲೆ ತಗ್ಗಿಸಿದಳು. "ತವರಿಂದ ಬಂತು ಅಂತ ಯಾವ ಬಾಯಲ್ಲಿ ಹೇಳಲಿ? ಎಲ್ಲಾರೂ ನನ್ನನ್ನೇ ನೋಡ್ತಾರೆ. ಅತ್ತೆ ಒಂದು ಮಾತೂ ಆಡಲ್ಲ. ಬೈದಿದ್ರೆ ತಡ್ಕೋತಿದ್ದೆ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಮಾತಿದೆಯಲ್ಲ. ಇಯೋಪುವಿನ ಕಥೆ ಅದೇ ಆಯಿತು. ಕಣ್ಣ ಪಾಪೆ ಎಂದು ಯಾರನ್ನು ಕರೆದಿದ್ದನೋ ಅವಳ ಕಣ್ಣಿಗೆ ಕೈಯಾರೆ ಮಣ್ಣೆರಚಿದ್ದ. ಅವಳು ಆ ಊರಿನಲ್ಲಿ ಬಾಳಬೇಕಾದವಳು. ಇವತ್ತು ಸುಳ್ಳು ನಿಲ್ಲಬಹುದು, ನಾಳೆ ಉಪೊಲುವಿನಿಂದ ಯಾವನೋ ನೆಂಟ ಬಂದು ಬಾಯಿ ಬಿಟ್ಟರೆ ಅವಳು ಸುಳ್ಳುಗಾತಿಯೂ ಆಗುತ್ತಾಳೆ. 

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವನು ಊರಿನ ಹಿರಿಯನ ಮನೆ ಮುಂದೆ ಹೋಗಿ ಅಂಗಳದ ಕಲ್ಲುಗಳ ಮೇಲೆ ಮಂಡಿಯೂರಿ ಕೂತ. ತಲೆಯ ಮೇಲೆ ಬಟ್ಟೆಯಂತೆ ನವಿರಾದ ಚಾಪೆ ಹೊದ್ದುಕೊಂಡ. ಲುಪೆಯ ತಾಯಿ ವರ್ಷಗಟ್ಟಲೆ ಹೆಣೆದ ಚಾಪೆ ಅದು. ಏನಾದರೂ ಆದೀತು ಎಂದು ಲುಪೆಯೇ ಗಂಟಿನಲ್ಲಿಟ್ಟು ಕಳಿಸಿದ್ದಳು. ಕೊಲೆಯಂಥ ತಪ್ಪು ನಡೆದಾಗ ಆ ಜನ ಹೀಗೆ ಕೂರುತ್ತಾರೆ. ಎದುರಿನವರು ಕ್ಷಮಿಸುವ ಮನಸ್ಸು ಮಾಡಿದರೆ ಬಂದು ಚಾಪೆ ಎತ್ತುತ್ತಾರೆ. ಇಲ್ಲದಿದ್ದರೆ ಇಲ್ಲ. ಚಾಪೆಯೊಳಗೆ ಕೂತವನಿಗೆ ಕ್ಷಮೆಯೋ ಏಟೋ, ಯಾವುದು ಬರುತ್ತಿದೆ ಎಂದು ಕಾಣುವುದಿಲ್ಲ.

ಕೋಳಿ ಕೂಗಿದ್ದು ಕೇಳಿಸಿತು. ಹೆಂಗಸರು ಪಿಸುಗುಟ್ಟಿದ್ದು ಕೇಳಿಸಿತು. ತಲೊಗಾಗಿ ಯಾರಾದರೂ ಹೀಗೆ ಕೂರುತ್ತಾರಾ ಎಂದು ಯಾರೋ ಕೇಳಿದರು. ಬಿಸಿಲು ಏರಿ ಬೆನ್ನು ಸುಡತೊಡಗಿತು. ಪಕ್ಕದಲ್ಲಿ ಯಾರೋ ಬಂದು ಕೂತ ಸದ್ದಾಯಿತು. ಪೆನಿನಾ.

"ಏಳು, ನಿನ್ನದೇನೂ ತಪ್ಪಿಲ್ಲ," ಎಂದ ಇಯೋಪು ಚಾಪೆಯೊಳಗಿಂದ.

"ಗಾಳಿ ಅಂತ ಹೇಳಿದ್ದು ನಾನಲ್ವಾ?" ಎಂದಳು ಅವಳು. ಕೂತೇ ಇದ್ದಳು.

ಕೊನೆಗೆ ಚಾಪೆ ಎತ್ತಿದವನು ಫಿಲಿಪೋನ ದೊಡ್ಡಪ್ಪ, ಊರಿನ ಹಿರಿಯ. ಇಯೋಪುವಿನ ಮಾತನ್ನೆಲ್ಲ ಕೇಳಿದ. ರೂಟಾ ಎಚ್ಚರಿಸಿದ್ದು, ಇವನು ಗೇಲಿ ಮಾಡಿದ್ದು, ಎಳೆಯೆಲೆ ಉಳಿಸಿದ್ದು, ಒಂದನ್ನೂ ಇಯೋಪು ಮುಚ್ಚಿಡಲಿಲ್ಲ. ಮುದುಕ ಚಾಪೆಯನ್ನು ಮಡಿಸಿ ಪಕ್ಕಕ್ಕಿಟ್ಟ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ದಿಗಿಲಿತ್ತು.

"ಶತ್ರು ಬಂದಿದ್ರೆ ಕಾವಲು ಇಡ್ತಿದ್ವಿ," ಎಂದ. "ಇದು ತವರಿನ ಬುಟ್ಟಿ. ಇದನ್ನ ಯಾವ ಬಾಗಿಲಲ್ಲಿ ತಡೆಯೋದು?"

ಚರ್ಚಿನ ಬಾಗಿಲು ತೆರೆದ ದಿನ ನೆಂಟರಿಗೆ ಅನ್ನ ಬಡಿಸಿದರು. ಉಂಡವರು ಬಾಯಿ ತುಂಬ ಹೊಗಳಿ, ಮನೆಗೆ ಹೋಗಿ, ಊಟವೇ ಆಗಲಿಲ್ಲ ಎಂದರು.

ಆಮೇಲಿನ ಕೆಲವು ವರ್ಷ ಎರಡೂ ದ್ವೀಪದವರು ಬಾಳೆಕಾಯಿ, ಹಲಸಿನಂಥ ಜೀಗುಜ್ಜೆ, ಅಂಗಡಿಯ ಅಕ್ಕಿ ತಿಂದು ದಿನ ದೂಡಿದರು. ಸಣ್ಣ ಮಕ್ಕಳು ತಲೊ ರುಚಿಯನ್ನೇ ಮರೆತವು. ಒಂದು ದಿನ ರೂಟಾ ಸವಾಯಿಗೆ ಬಂದಳು, ಇಯೋಪುವೂ ಜೊತೆಗಿದ್ದ. ಆ ದ್ವೀಪದಲ್ಲೇ ಇಲಾಖೆಯವರು ಜೋಪಾನವಾಗಿ ಬೆಳೆಸಿ ಪರೀಕ್ಷಿಸಿದ ಹೊಸ ಕಂದುಗಳು ಅವಳ ಬಳಿ ಇದ್ದವು. ಅಂಗಮಾರಿಗೆ ಅಷ್ಟು ಬೇಗ ಬಗ್ಗದ ತಳಿಗಳು.

"ಇದರ ಹೆಸರೇನು?" ಪೆನಿನಾ ದೂರದಿಂದಲೇ ಕೇಳಿದಳು. ಹತ್ತಿರ ಬರಲು ಅವಳಿಗೆ ಭಯ.

"ಪಲಾವ್," ಎಂದಳು ರೂಟಾ. ನಮ್ಮ ತಟ್ಟೆಯ ಪಲಾವ್ ಅಲ್ಲ, ಅದು ದೂರದ ಒಂದು ದ್ವೀಪದ ಹೆಸರು. "ಅಲ್ಲಿಂದ ಬಂದ ತಳಿ."

"ಹಾಗಿದ್ರೆ ಬೇಡ." ಪೆನಿನಾ ಎದ್ದೇಬಿಟ್ಟಳು. "ಒಂದು ಸಲ ಹೊರಗಿನದ್ದು ತಂದು ಊರು ಸುಟ್ಟಿದ್ದು ಸಾಲದಾ? ಇನ್ನೊಂದು ದ್ವೀಪದ ಹೆಸರು ಹೊತ್ತಿರೋದನ್ನ ನನ್ನ ನೆಲದಲ್ಲಿ ನೆಡಲ್ಲ. ನಮಗೆ ನಮ್ಮ ಹಳೇ ತಲೊನೇ ಬೇಕು."

"ಸರಿಯಕ್ಕ. ನಿಮ್ಮ ಹಳೇ ತಲೊ ಹೆಸರೇನು?"

"ಅದೇ, ತಲೊ ನಿಯುಎ."

ಹೇಳಿದವಳು ಅಲ್ಲೇ ನಿಂತಳು.  ನಿಯುಎ ಕೂಡ ಇನ್ನೊಂದು ದ್ವೀಪ, ಸಮೋವಾದ ತೆಂಕಣಕ್ಕೆ, ಸಮುದ್ರದ ಆಚೆ. ಹುಟ್ಟಿದಾಗಿನಿಂದ ಆ ಹೆಸರನ್ನು ದಿನಕ್ಕೆ ಹತ್ತು ಸಲ ಹೇಳಿದ್ದಳು. ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ. ಇಯೋಪು ಕೂಡ ಬೆಚ್ಚಿದ. ನಮ್ಮದು ನಮ್ಮದು ಎಂದು ಅವರಪ್ಪ ಎದೆ ತಟ್ಟಿಕೊಳ್ಳುತ್ತಿದ್ದ ಗೆಡ್ಡೆಯ ಹಣೆಯ ಮೇಲೇ ಪರವೂರಿನ ಹೆಸರಿತ್ತು.

"ಅಂದ್ರೆ ನಮ್ಮದು ಅಂತ ಏನೂ ಇಲ್ವಾ?" ಪೆನಿನಾಳ ದನಿ ಸಣ್ಣಗಾಯಿತು.

"ಯಾಕಿಲ್ಲ? ತಂದು ನೆಟ್ಟು ನೀರು ನೆರಳು ಕೊಟ್ಟು ಸಾಕಿದ್ದೆಲ್ಲ ನಮ್ಮದೇ." ರೂಟಾ ಕಾಲು ಚಾಚಿ ಕೂತಳು. "ಗೆಡ್ಡೆ ಬಿಡಿ, ಆ ಹೆಸರೇ ದೋಣಿ ಹತ್ತಿ ಬಂದಿದ್ದು. ನಾವು ತಲೊ ಅಂತೀವಿ, ಟೋಂಗಾದವರೂ ತಲೊ ಅಂತಾರೆ. ಫಿಜಿಯವರಿಗೆ ಅದು ದಲೊ. ಹವಾಯಿಯವರಿಗೆ ಕಲೊ. ಮಾವೊರಿಗಳು ಟಾರೊ ಅಂತಾರೆ, ತಾಹಿತಿಯವರೂ ಅಷ್ಟೇ. ಬಿಳಿಯರು ಅವರ ಬಾಯಿಂದ ಕೇಳ್ಕೊಂಡು ಪುಸ್ತಕದಲ್ಲಿ ಟಾರೊ ಅಂತಾನೇ ಬರೆದುಬಿಟ್ರು. ಬಹಳ ಹಿಂದೆ, ಪಡುವಣ ದ್ವೀಪಗಳಿಂದ ಹೊರಟಾಗ ತಲೋಸ್ ಅಂತ ಇದ್ದಿರಬೇಕು ಅಂತಾರೆ ಭಾಷೆ ಓದಿದವರು. ಇಳಿದ ದಡದಲ್ಲೆಲ್ಲ ಒಂದೊಂದು ಚೂರು ಬದಲಾಯ್ತು."

"ನಮ್ಮಲ್ಲಿ ಮಾತ್ರ ಬದಲಾಗಿಲ್ಲ," ಎಂದಳು ಪೆನಿನಾ, ಸೋಲೊಪ್ಪದೆ.

"ಹೌದಾ? ಪಾದ್ರಿಗಳ ಎದುರು ತಲೊ ಅಂತೀರಿ. ಅಡುಗೆಮನೇಲಿ ಮಗಳಿಗೆ ಏನಂತಿದ್ರಿ? ಕಲೊ ಹೆರಿ ಅಂತ ಅಲ್ವಾ?"

ಫಿಲಿಪೋ ಹೊರಗೆ ಕೂತಿದ್ದವನು ಜೋರಾಗಿ ನಕ್ಕ. ಸಮೋವಾದವರು ಚರ್ಚಿನಲ್ಲಿ, ಸಭೆಯಲ್ಲಿ ತಲೊ ಎಂದು ನಯವಾಗಿ ಹೇಳಿ, ಮನೆಗೆ ಬಂದು ಅಂಗಿ ಬಿಚ್ಚಿದ ಕೂಡಲೇ ಕಲೊ ಎನ್ನುವವರು. "ಒಂದೇ ಬಾಯಲ್ಲಿ ಎರಡು ಹೆಸರು ಇಟ್ಕೊಂಡು, ತೋಟದಲ್ಲಿ ಮಾತ್ರ ಒಂದೇ ತಳಿ ಬೇಕು ಅಂತಾಳೆ ನನ್ನ ಹೆಂಡತಿ," ಎಂದ.

"ಅಲ್ಲೇ ಇರೋದು ಅಕ್ಕ ನಾವೆಲ್ಲ ಮಾಡಿದ ತಪ್ಪು," ಎಂದಳು ರೂಟಾ. "ನಿಯುಎ ಮೇಲೆ ತಪ್ಪಿಲ್ಲ, ರುಚಿ ಅದರದ್ದೇ. ಆದ್ರೆ ಎರಡು ದ್ವೀಪಕ್ಕೂ ಅದೊಂದೇ ನೆಟ್ವಿ. ರೋಗಕ್ಕೆ ಒಂದು ಬೀಗದ ಕೈ ಸಿಕ್ತು, ಎಲ್ಲಾ ಮನೆ ಬಾಗಿಲೂ ತೆರೀತು. ಈ ಸಲ ನಾಲ್ಕಾರು ತಳಿ ಬೆರೆಸಿ ನೆಡಿ. ಸ್ವಲ್ಪ ದೂರ ದೂರ ನೆಡಿ. ಚುಕ್ಕೆ ಕಂಡ ಎಲೆನ ಅವತ್ತೇ ಕತ್ತರಿಸಿ ಸುಡಿ. ಪರೀಕ್ಷೆ ಮಾಡಿದ ಕಂದು ಬಿಟ್ಟು ಬೇರೆ ಕಂದು ಒಳಗೆ ಬರೋದು ಬೇಡ."

ಪೆನಿನಾ ಅಣ್ಣನ ಕಡೆ ನೋಡಿದಳು. ಅಂದಿನಿಂದ ಅವನು ತಂಗಿಯ ಮನೆಯಲ್ಲಿ ತೋಟದ ಮಾತೆತ್ತಿದವನಲ್ಲ. "ನೀನೇನಂತೀಯ?" ಎಂದು ಕೇಳಿದಳು.

"ನಾನು ಯಾವ ಮುಖ ಇಟ್ಕೊಂಡು ಹೇಳಲಿ?"

"ನೀನೇ ಹೇಳಬೇಕು."

"ರೂಟಾ ಮಾತು ಒಂದು ಸಲ ಕೇಳದೆ ಏನಾಯ್ತು ಅಂತ ನೋಡಿದ್ದೀಯ," ಎಂದ ಇಯೋಪು. "ಇನ್ನು ನಿನ್ನಿಷ್ಟ."

ಪೆನಿನಾ ಬುಟ್ಟಿಯಿಂದ ಒಂದು ಕಂದು ತೆಗೆದುಕೊಂಡಳು.  ಹಿಂದೆ ಮುಂದೆ ತಿರುಗಿಸಿ ನೋಡಿ, ಕೊನೆಗೆ ಗಂಡನನ್ನು ಕರೆದು ಗುಳಿ ತೋಡಲು ಹೇಳಿದಳು. ಆ ಬೆಳೆ ಬಂತು. ಎಲೆಗಳ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕೆ ಬಿದ್ದರೂ ತೋಟ ನಿಂತಿತು. ಅತ್ತೆ ಒಂದು ಗೆಡ್ಡೆ ತಿಂದು, ನಿಯುಎ ಹಾಗಿಲ್ಲ ಎಂದು ಮೂತಿ ತಿರುಗಿಸಿ, ಇನ್ನೊಂದು ತೆಗೆದುಕೊಂಡಳು.

ಉಪೊಲುವಿನಲ್ಲಿ ಇಯೋಪುವೂ ಹಾಗೆಯೇ ಬೆರೆಸಿ ನೆಟ್ಟ. ಮೊದಲ ಬೆಳೆ ಕಿತ್ತು ತಂಗಿಯ ಮನೆಗೆ ಹೊರಟ. ಹಡಗುಕಟ್ಟೆಗೂ ವಿಮಾನ ನಿಲ್ದಾಣಕ್ಕೂ ಒಂದೇ ಬಸ್ಸು. ಬಸ್ಸು ಎಷ್ಟು ತುಂಬಿತ್ತೆಂದರೆ, ಅಲ್ಲಿಯ ರೂಢಿಯಂತೆ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತಿದ್ದರು. ಇಯೋಪುವಿನ ಪಕ್ಕದ ಮುದುಕನ ಕಾಲ ಬಳಿ ಒಂದು ಚೀಲವಿತ್ತು. ಚೀಲದ ಬಾಯಿಂದ ಎಳೆಯೆಲೆಯೊಂದು ಇಣುಕುತ್ತಿತ್ತು.

ಇಯೋಪು ಬಗ್ಗಿ ಆ ಎಲೆಯನ್ನು ನೋಡಿದ. "ಎಲ್ಲಿಗೆ ಯಜಮಾನ್ರೆ?"

"ಫಿಜಿಗೆ. ಮಗಳನ್ನ ಅಲ್ಲಿಗೆ ಕೊಟ್ಟಿದ್ದೀವಿ. ತವರಿನ ತಲೊ ತಿನ್ನಬೇಕು ಅಂದಳು, ನೆಡಲಿ ಅಂತ ಕಂದು ತಗೊಂಡು ಹೊರಟೆ."

ಫಿಜಿಯಲ್ಲಿ ಆ ರೋಗ ಇನ್ನೂ ಕಾಲಿಟ್ಟಿಲ್ಲ ಎಂದು ರೂಟಾ ಹೇಳಿದ್ದಳು. ಬಸ್ಸಿನ ತುಂಬ ಗುರುತಿನವರಿದ್ದರು. ಇಯೋಪುವಿಗೆ ನಾಚಿಕೆಯಾಯಿತು. ಸುಮ್ಮನಿದ್ದರೆ ತನ್ನ ಹಡಗುಕಟ್ಟೆ ಬಂದುಬಿಡುತ್ತಿತ್ತು. ಆದರೂ ಹೇಳಿದ, ಎಲ್ಲರಿಗೂ ಕೇಳುವ ಹಾಗೆ.

"ನಾನೂ ಹೀಗೇ ಒಂದು ಬುಟ್ಟಿ ಒಯ್ದೆ ಯಜಮಾನ್ರೆ. ಪ್ರೀತಿಯಿಂದಾನೇ ಒಯ್ದೆ. ತಂಗಿ ತೋಟ ಕೊಂದೆ, ಅವಳ ಊರಿನ ತೋಟ ಎಲ್ಲ ಕೊಂದೆ. ಅಲ್ಲಿ ಹಿರಿಯರ ಅಂಗಳದಲ್ಲಿ ಚಾಪೆ ಹೊದ್ದು ಕೂತಿದ್ದೆ."

 ಮುದುಕ ಚೀಲವನ್ನು ಹಾವು ಕಂಡವನಂತೆ ನೋಡಿದ. ಕಾಲು ಹಿಂದಕ್ಕೆ ಎಳೆದುಕೊಂಡ. "ಹಾಗಂತ ಮಗಳ ಮನೆಗೆ ಬರಿಗೈಲಿ ಹೋಗಕ್ಕಾಗುತ್ತಾ?" ಎಂದು ಕೇಳಿದ. ಅವನ ಕಣ್ಣಲ್ಲಿ ನೀರಿತ್ತು.

ಇಯೋಪು ತನ್ನ ತೊಡೆಯ ಮೇಲಿದ್ದ ಬುಟ್ಟಿಯ ಬಾಯಿ ಬಿಚ್ಚಿದ. ಮುಂಜಾನೆ ಲುಪೆ ಕಲ್ಲೊಲೆಯಲ್ಲಿ ಬೇಯಿಸಿದ ಗೆಡ್ಡೆಗಳು, ಇನ್ನೂ ಬಿಸಿ ಇದ್ದವು. "ಬೆಂದಿದ್ದರಲ್ಲಿ ರೋಗ ಬದುಕಲ್ಲ," ಎಂದ. "ಅಲ್ಲಿ ವಿಮಾನ ಇಳಿದಾಗ ತಪಾಸಣೆಯವರಿಗೆ ಬಿಚ್ಚಿ ತೋರಿಸಿ, ಬಿಟ್ರೆ ಮಗಳಿಗೆ ಕೊಡಿ. ಆ ಚೀಲ ನನಗೆ ಬಿಡಿ, ಸುಡ್ತೀನಿ." ಬುಟ್ಟಿಯನ್ನು ಹಾಗೆಯೇ ಮುದುಕನ ತೊಡೆಗೆ ದಾಟಿಸಿದ. ತಂಗಿಯ ಮನೆಗೆ ಅವತ್ತು ಅವನು ಬರಿಗೈಯಲ್ಲಿ ಹೋದ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ಊರಿಂದ ಊರಿಗೆ ಕೆಸುವಿನ ಕಂದು, ಬಾಳೆಕಂದು, ಬಿತ್ತನೆ ಶುಂಠಿ ಒಯ್ಯುವವರೇ. ಒಯ್ಯುವ ಮೊದಲು ನಿಮ್ಮ ತೋಟದ ಎಲೆಯನ್ನು ಬೆಳಗಿನ ಇಬ್ಬನಿಯಲ್ಲಿ ನೋಡಿ. ಅನುಮಾನ ಬಂದರೆ ಕೃಷಿ ಅಥವಾ ತೋಟಗಾರಿಕೆ ಇಲಾಖೆಯವರನ್ನು ಕೇಳಿ, ಸಂಕೋಚ ಬೇಡ. ಒಂದೇ ತಳಿಯನ್ನು ನೆಚ್ಚಿಕೊಂಡು ಕೂರಬೇಡಿ. ರೋಗ ಬಿದ್ದ ತೋಟದ ಕಂದನ್ನು ಯಾರು ಕೇಳಿದರೂ ಕೊಡಬೇಡಿ. ಕೇಳಿದವಳು ಒಡಹುಟ್ಟಿದ ತಂಗಿಯಾದರಂತೂ ಕೊಡಲೇಬೇಡಿ. ಅವಳಿಗೆ ಬೇಯಿಸಿ ಕೊಡಿ.